ಕಣ್ಣೆದುರಿನ ಪ್ರಿಂಟರ್ ‘ಆಫ್‌ಲೈನ್’ ಆಗುವುದೇಕೆ?

ತೊಗರಿ ಬಿತ್ತನೆಯ ದಿನಗಳಲ್ಲಿ ಚಿಂಚೋಳಿ, ಸೇಡಂ, ಚಿತ್ತಾಪುರದ ಝೆರಾಕ್ಸ್ ಅಂಗಡಿಗಳ ಮುಂದೆ ಜನ ನಿಂತಿರುತ್ತಾರೆ. ಬೆಳೆಸಾಲಕ್ಕೆ, ಬೆಳೆವಿಮೆಗೆ ಪಹಣಿ ಬೇಕು. ಅದೇ ಹೊತ್ತಿಗೆ ಕಾಲೇಜು ಸೇರುವ ಮಕ್ಕಳಿಗೆ ಜಾತಿ, ಆದಾಯದ ಜೊತೆ 371ಜೆ ಪ್ರಮಾಣಪತ್ರವೂ ಬೇಕು. ಚಂದ್ರಂಪಳ್ಳಿ ಅಣೆಕಟ್ಟಿನ ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದವರು ಮಧ್ಯಾಹ್ನದ ಬಸ್ಸಿಗೆ ವಾಪಸಾಗಬೇಕು. ಅಷ್ಟರಲ್ಲಿ ಒಳಗಿನಿಂದ ಒಂದು ಮಾತು ಬರುತ್ತದೆ: “ನಿನ್ನಿ ಬರಾಬರ್ ನಡದಿತ್ರಿ, ಇವತ್ತ ಪ್ರಿಂಟ್ ಬರಲಾಕತ್ತಿಲ್ಲ.”

ಪ್ರಿಂಟರ್ ಮೇಜಿನ ಮೇಲೆಯೇ ಇದೆ, ದೀಪ ಉರಿಯುತ್ತಿದೆ. ಇಂಕು, ಹಾಳೆ ಎರಡೂ ಇವೆ. ಗಾಜಿನ ಮೇಲೆ ಆಧಾರ್ ಕಾರ್ಡ್ ಇಟ್ಟು ಗುಂಡಿ ಒತ್ತಿದರೆ ಝೆರಾಕ್ಸ್ ಚೊಕ್ಕವಾಗಿ ಬರುತ್ತದೆ. ಅಂಗಡಿಯವರ ಫೋನಿನಿಂದ ಕಳಿಸಿದ ಫೋಟೊ ಕೂಡ ಅಚ್ಚಾಗುತ್ತದೆ. ಆದರೆ ಪಕ್ಕದಲ್ಲಿರುವ ಲ್ಯಾಪ್‌ಟಾಪ್ ಮಾತ್ರ ಆ ಪ್ರಿಂಟರ್ ‘ಆಫ್‌ಲೈನ್’ ಎನ್ನುತ್ತದೆ. ಯಂತ್ರ ಕೆಟ್ಟಿದ್ದರೆ ಝೆರಾಕ್ಸ್ ಹೇಗೆ ಬಂತು? ವೈಫೈ ಕೆಟ್ಟಿದ್ದರೆ ಫೋನಿನಿಂದ ಹೇಗೆ ಬಂತು?

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ನಡೆಯುವುದು ಎಲ್ಲವನ್ನೂ ಆರಿಸಿ ಹಚ್ಚುವುದು, ಇಲ್ಲವೇ ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕುವುದು. ಒಮ್ಮೊಮ್ಮೆ ಸರಿಯಾಗುತ್ತದೆ. ಏಕೆ ಸರಿಯಾಯಿತು ಎಂದು ಯಾರಿಗೂ ತಿಳಿಯದ ಕಾರಣ ಮುಂದಿನ ವಾರ ಅದೇ ತೊಂದರೆ ಮರುಕಳಿಸುತ್ತದೆ. ಬಹುಪಾಲು ಸಲ ಅಲ್ಲಿ ಯಾವುದೂ ಕೆಟ್ಟಿರುವುದಿಲ್ಲ. ಒಂದು ಸಂಖ್ಯೆ ಬದಲಾಗಿರುತ್ತದೆ, ಅಷ್ಟೆ. ಆ ಸಂಖ್ಯೆಯನ್ನು ಕೊಡುವವರು ಯಾರು, ನೆನಪಿಟ್ಟುಕೊಳ್ಳುವವರು ಯಾರು ಎಂಬುದನ್ನು ತಿಳಿದರೆ ಕಲಬುರಗಿಯಿಂದ ರಿಪೇರಿಯವರು ಬರುವವರೆಗೆ ಯಾರೂ ಕಾಯಬೇಕಾಗಿಲ್ಲ.

ಒಂದು ಪೆಟ್ಟಿಗೆ, ಮೂರು ಯಂತ್ರ

ನಾವು ಆಲ್-ಇನ್-ಒನ್ ಎಂದು ಕರೆಯುವ ಪ್ರಿಂಟರಿನಲ್ಲಿ ಓದುವ ಯಂತ್ರ ಒಂದು, ಅಚ್ಚು ಹಾಕುವ ಯಂತ್ರ ಒಂದು. ಇವೆರಡನ್ನೂ ನಡೆಸುವ, ವೈಫೈ ಸಂಪರ್ಕವುಳ್ಳ ಪುಟ್ಟ ಕಂಪ್ಯೂಟರ್ ಇನ್ನೊಂದು. ಝೆರಾಕ್ಸ್ ತೆಗೆಯುವಾಗ ಓದುವ ಯಂತ್ರ ಕಂಡದ್ದನ್ನು ಅಚ್ಚಿನ ಯಂತ್ರ ಬರೆಯುತ್ತದೆ. ಮಾತುಕತೆ ಪೆಟ್ಟಿಗೆಯೊಳಗೇ ಮುಗಿಯುವುದರಿಂದ ವೈಫೈಗೆ ಅಲ್ಲಿ ಕೆಲಸವಿಲ್ಲ. ಹಾಗಾಗಿ ಝೆರಾಕ್ಸ್ ಬಂತೆಂದರೆ ಇಂಕು, ಹಾಳೆ, ಗಾಜು ಸರಿಯಿವೆ ಎಂದಷ್ಟೇ ಅರ್ಥ. ಸಂಪರ್ಕದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಪ್ರಿಂಟ್ ಕೊಡುವಾಗ ಲ್ಯಾಪ್‌ಟಾಪ್ ಪ್ರಿಂಟರನ್ನು ಹುಡುಕಿಕೊಂಡು ಹೋಗುತ್ತದೆ. ಲ್ಯಾಪ್‌ಟಾಪಿನ ಪರದೆಯಿಂದ ಸ್ಕ್ಯಾನ್ ಒತ್ತಿದರೂ ಹಾಗೆಯೇ. ಆದರೆ ಪ್ರಿಂಟರಿನ ಮೈಮೇಲಿರುವ ‘ಸ್ಕ್ಯಾನ್ ಟು ಕಂಪ್ಯೂಟರ್’ ಗುಂಡಿಯನ್ನು ಒತ್ತಿದಾಗ ಪ್ರಿಂಟರೇ ಲ್ಯಾಪ್‌ಟಾಪಿನ ಕಡೆಗೆ ಹೊರಡಬೇಕು. ದಾರಿ ಒಂದೇ ಆದರೂ ಮೊದಲು ಬಾಗಿಲು ತಟ್ಟುವವರು ಬೇರೆ. ಒಂದು ಕಡೆಯಿಂದ ಕೆಲಸವಾಗಿ ಇನ್ನೊಂದು ಕಡೆಯಿಂದ ಆಗದಿರುವುದು ಇದರಿಂದಲೇ. ಅದರ ವಿವರ ಮುಂದೆ ಬರುತ್ತದೆ.

ಬದಲಾಗದ ಹೆಸರು, ಬದಲಾಗುವ ಬರ್ತು

ಸೇಡಂ, ಚಿತ್ತಾಪುರದವರಿಗೆ ರೈಲು ಹೊಸದಲ್ಲ. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ಹಳಿ ಈ ಊರುಗಳನ್ನು ಹಾದೇ ಹೋಗುತ್ತದೆ. ಆದ್ದರಿಂದ ಮನೆಯ ವೈಫೈ ಜಾಲವನ್ನು ರೈಲಿನ ಒಂದು ಬೋಗಿ ಎಂದುಕೊಳ್ಳೋಣ. ಪ್ರಿಂಟರ್, ಲ್ಯಾಪ್‌ಟಾಪ್, ಫೋನುಗಳು ಅದರಲ್ಲಿ ಕುಳಿತ ಪ್ರಯಾಣಿಕರು.

ಪ್ರತಿ ಪ್ರಯಾಣಿಕರಿಗೂ ಎರಡು ಗುರುತುಗಳಿವೆ. ಒಂದು ಹುಟ್ಟಿನಿಂದ ಬಂದ ಹೆಸರು. ಪ್ರಿಂಟರಿನ ಮಟ್ಟಿಗೆ ಅದು ಮ್ಯಾಕ್ ವಿಳಾಸ. ಕಾರ್ಖಾನೆಯಲ್ಲೇ ಕೊಡುವ ಇದನ್ನು ಎರಡೆರಡು ಅಕ್ಷರಗಳ ಆರು ಜೋಡಿಗಳಲ್ಲಿ ಬರೆದಿರುತ್ತಾರೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳೂ ಇಂಗ್ಲಿಷಿನ ಮೊದಲ ಆರು ಅಕ್ಷರಗಳೂ ಇದರಲ್ಲಿ ಬರುತ್ತವೆ. ಮೊದಲ ಮೂರು ಜೋಡಿಗಳಿಂದ ತಯಾರಕರು ಯಾರೆಂದು ಗೊತ್ತಾಗುತ್ತದೆ. ಪ್ರಿಂಟರಿನ ಹಿಂದೆ ಅಥವಾ ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ಇದು ಹೆಚ್ಚಾಗಿ ಸಿಗುತ್ತದೆ. ವೈಫೈ ಮತ್ತು ಲ್ಯಾನ್ ಕೇಬಲ್ ಎರಡೂ ಹಿಡಿಸುವ ಪ್ರಿಂಟರಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಮ್ಯಾಕ್ ವಿಳಾಸ ಇರುತ್ತದೆ. ಇದನ್ನು ಗಮನಿಸದೆ ತಪ್ಪು ಸಂಖ್ಯೆಯನ್ನು ಬರೆದುಕೊಳ್ಳುವವರು ಬಹಳ ಮಂದಿ.

ಎರಡನೆಯದು ಬರ್ತು ಸಂಖ್ಯೆ, ಅಂದರೆ ಐಪಿ ವಿಳಾಸ. ಇದರಲ್ಲಿ ಚುಕ್ಕಿಗಳ ನಡುವೆ ನಾಲ್ಕು ಅಂಕಿಗಳಿರುತ್ತವೆ: 192.168.1.14. ಮನೆ, ಅಂಗಡಿಗಳ ಸಣ್ಣ ಜಾಲದಲ್ಲಿ ಸಾಮಾನ್ಯವಾಗಿ ಮೊದಲ ಮೂರು ಅಂಕಿಗಳು ಬೋಗಿಯನ್ನು ತಿಳಿಸುತ್ತವೆ, ಕೊನೆಯದು ಬರ್ತನ್ನು. 192.168.1.14 ಮತ್ತು 192.168.1.22 ಒಂದೇ ಬೋಗಿಯ ಇಬ್ಬರು ಪ್ರಯಾಣಿಕರು. 192.168.0.14 ಎಂಬುದು ಬೇರೆ ಬೋಗಿ.

ಸೇಡಂನ ನಿಮ್ಮ ಅಂಗಡಿಯಲ್ಲೂ ಶಹಾಬಾದಿನ ನಿಮ್ಮ ತಂಗಿಯ ಮನೆಯಲ್ಲೂ 192.168.1.14 ಇರಬಹುದು. ಪ್ರತಿ ರೈಲಿನಲ್ಲೂ ಹದಿನಾಲ್ಕನೇ ಬರ್ತು ಇರುವುದಿಲ್ಲವೇ? ನಾಲ್ಕು ಅಂಕಿಗಳ ಈ ಪದ್ಧತಿಯಲ್ಲಿ ಒಟ್ಟು ಸಿಗುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರ. ಜಗತ್ತಿನ ಎಲ್ಲ ಫೋನು, ಟಿವಿ, ಪ್ರಿಂಟರುಗಳಿಗೆ ಅವು ಸಾಲುವುದಿಲ್ಲ. ಹಾಗಾಗಿ 1996ರಲ್ಲಿ ಅಂತರ್ಜಾಲದ ನಿಯಮ ಬರೆಯುವವರು ಕೆಲವು ಸಂಖ್ಯಾಗುಚ್ಛಗಳನ್ನು ಖಾಸಗಿ ಜಾಲಗಳಿಗೆಂದು ಬಿಟ್ಟುಕೊಟ್ಟರು. 192.168ರಿಂದ ಶುರುವಾಗುವವು ಅವುಗಳಲ್ಲಿ ಒಂದು ಗುಚ್ಛ. ಇವು ಆ ಮನೆಯೊಳಗೆ ಮಾತ್ರ ನಡೆಯುತ್ತವೆ.

ಟಿಸಿಯ ಕೈಯಲ್ಲಿರುವ ಪಟ್ಟಿ

ಈ ಬೋಗಿಯಲ್ಲಿ ಬರ್ತು ಹಂಚುವ ಟಿಸಿ, ಅಂದರೆ ಟಿಕೆಟ್ ಪರೀಕ್ಷಕರು, ರೂಟರ್. ಇಂಟರ್ನೆಟ್ ಕಂಪನಿಯವರು ಗೋಡೆಗೆ ಹಾಕಿಕೊಟ್ಟ ಪೆಟ್ಟಿಗೆಯೇ ಸಾಮಾನ್ಯವಾಗಿ ಈ ಕೆಲಸವನ್ನೂ ಮಾಡುತ್ತದೆ. ಪ್ರಿಂಟರ್ ಎದ್ದ ಕೂಡಲೇ ತನ್ನ ಹೆಸರು ಹೇಳಿ ಬರ್ತು ಕೇಳುತ್ತದೆ. ರೂಟರ್ ಪಟ್ಟಿ ನೋಡಿ ಖಾಲಿ ಇರುವ ಒಂದು ಸಂಖ್ಯೆಯನ್ನು ಕೊಟ್ಟು, ಯಾರಿಗೆ ಕೊಟ್ಟೆ ಎಂದು ಬರೆದುಕೊಳ್ಳುತ್ತದೆ. ಈ ಪದ್ಧತಿಯ ಹೆಸರು ಡಿಎಚ್‌ಸಿಪಿ. ಈಗಲೂ ನಡೆಯುತ್ತಿರುವ ಅದರ ನಿಯಮಗಳು 1997ರಲ್ಲಿ ಪ್ರಕಟವಾದವು. ರೂಟರಿನ ಪುಟದಲ್ಲಿ ಈ ಪದ ಕಂಡರೆ ‘ಟಿಸಿಯ ಪಟ್ಟಿ’ ಎಂದು ಓದಿಕೊಳ್ಳಬಹುದು.

ಬರ್ತು ಶಾಶ್ವತವಲ್ಲ, ಇಂತಿಷ್ಟು ಹೊತ್ತಿಗೆಂದು ಕೊಟ್ಟದ್ದು. ಎಷ್ಟೋ ರೂಟರುಗಳಲ್ಲಿ ಈ ಅವಧಿ 24 ಗಂಟೆ. ಪ್ರಿಂಟರ್ ಎಚ್ಚರವಾಗಿದ್ದರೆ ಅವಧಿಯ ಅರ್ಧ ಕಳೆಯುತ್ತಲೇ ‘ಇನ್ನೂ ಇಲ್ಲೇ ಇದ್ದೇನೆ’ ಎಂದು ತಿಳಿಸಿ ಮುಂದುವರಿಸಿಕೊಳ್ಳುತ್ತದೆ. ಹಾಗಾಗಿ ಸದಾ ಚಾಲೂ ಇರುವ ಪ್ರಿಂಟರಿನ ಸಂಖ್ಯೆ ತಿಂಗಳುಗಟ್ಟಲೆ ಬದಲಾಗದೇ ಇರಬಹುದು. ತೊಂದರೆ ಶುರುವಾಗುವುದು ಅಂಗಡಿ ಮುಚ್ಚಿದಾಗ. ಜಾತ್ರೆಗೋ ಮದುವೆಗೋ ಎರಡು ದಿನ ಬಾಗಿಲು ಹಾಕಿ, ಪ್ರಿಂಟರಿನ ಸ್ವಿಚ್ ಆರಿಸಿ ಹೋದರೆ ಅವಧಿ ಮುಗಿದು ಬರ್ತು ಖಾಲಿಯಾಗುತ್ತದೆ. ಬಾಗಿಲು ತೆರೆದ ದಿನ ವೈಫೈಗೆ ಸೇರಿದ ಗಿರಾಕಿಯ ಫೋನಿಗೆ ಅದೇ ಸಂಖ್ಯೆ ಸಿಗಬಹುದು. ಆಮೇಲೆ ಎದ್ದ ಪ್ರಿಂಟರಿಗೆ ಇನ್ನೊಂದು ಸಿಗುತ್ತದೆ.

ಕರೆಂಟು ಹೋಗಿ ಬಂದಾಗಲೂ ಹೀಗಾಗುತ್ತದೆ. ಅಗ್ಗದ ರೂಟರುಗಳಲ್ಲಿ ಹಲವು ತಮ್ಮ ಪಟ್ಟಿಯನ್ನು ಕರೆಂಟು ಇರುವವರೆಗೆ ಮಾತ್ರ ನೆನಪಿಟ್ಟುಕೊಳ್ಳುತ್ತವೆ. ಕರೆಂಟು ಮರಳಿದಾಗ ಅವುಗಳ ಕೈಯಲ್ಲಿರುವುದು ಖಾಲಿ ಪಟ್ಟಿ. ಮೊದಲು ಎದ್ದವರಿಗೆ ಮೊದಲು ಬರ್ತು. ನಿಧಾನವಾಗಿ ಗರಗರ ಸದ್ದು ಮಾಡುತ್ತ ಏಳುವ ಪ್ರಿಂಟರ್ ಹೆಚ್ಚಾಗಿ ಕೊನೆಗೇ ಬರುತ್ತದೆ. ಬೇಸಿಗೆಯಲ್ಲಿ, ಮಳೆಗಾಳಿಯ ಸಂಜೆಗಳಲ್ಲಿ ದಿನಕ್ಕೆ ಹಲವು ಸಲ ಕರೆಂಟು ಹೋಗುವ ಊರುಗಳಲ್ಲಿ ಈ ತೊಂದರೆ ಪಟ್ಟಣಕ್ಕಿಂತ ಹೆಚ್ಚಾಗಿ ಕಾಡುವುದು ಸಹಜ. ಪ್ರಿಂಟರಿಗೆ ಯುಪಿಎಸ್ ಇಲ್ಲದಿದ್ದರೂ ರೂಟರಿಗೊಂದು ಸಣ್ಣ ಬ್ಯಾಟರಿ ಇರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಕೂಗಿ ಕೇಳುವ ಫೋನು, ನೆನಪಿಟ್ಟುಕೊಳ್ಳುವ ಲ್ಯಾಪ್‌ಟಾಪ್

ಈಗ ಮೂಲ ಪ್ರಶ್ನೆಗೆ ಬರೋಣ. ಬರ್ತು ಬದಲಾಗಿದ್ದರೆ ಫೋನಿಗೆ ಪ್ರಿಂಟರ್ ಸಿಕ್ಕಿದ್ದು ಹೇಗೆ?

ಹುಡುಕುವ ರೀತಿಗಳು ಎರಡು. ಬೋಗಿಯೊಳಗೆ ಹೋಗಿ ‘ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ?’ ಎಂದು ಎಲ್ಲರಿಗೂ ಕೇಳುವಂತೆ ಕೂಗುವುದು ಒಂದು ರೀತಿ. ಪ್ರಿಂಟರ್ ಇದ್ದರೆ ತನ್ನ ಹೆಸರನ್ನೂ ಇವತ್ತಿನ ಬರ್ತು ಸಂಖ್ಯೆಯನ್ನೂ ಹೇಳಿ ಓಗೊಡುತ್ತದೆ. ಆಪಲ್ ಕಂಪನಿ 2002ರಲ್ಲಿ ಜನಬಳಕೆಗೆ ತಂದ ಈ ವಿಧಾನಕ್ಕೆ ಆಮೇಲೆ ಬಾಂಜೂರ್ ಎಂಬ ಹೆಸರು ಬಂತು. ಐಫೋನುಗಳಲ್ಲಿ 2010ರಿಂದ ಇರುವ ಏರ್‌ಪ್ರಿಂಟ್ ಕೆಲಸ ಮಾಡುವುದು ಇದರ ಮೇಲೆಯೇ, ಆಂಡ್ರಾಯ್ಡ್ ಫೋನಿನ ಪ್ರಿಂಟ್ ಸೇವೆ ಕೂಗುವುದೂ ಹೀಗೆಯೇ. ಫೋನು ಪ್ರಿಂಟರನ್ನು ಪ್ರತಿ ಸಲ ಹೊಸದಾಗಿ ಹುಡುಕುತ್ತದೆ. ನಿನ್ನೆಯ ಬರ್ತು ಅದಕ್ಕೆ ಬೇಕಿಲ್ಲ.

ಸಂಖ್ಯೆಯನ್ನು ಬರೆದಿಟ್ಟುಕೊಂಡು ನೇರವಾಗಿ ಅಲ್ಲಿಗೇ ಹೋಗುವುದು ಇನ್ನೊಂದು ರೀತಿ. ಲ್ಯಾಪ್‌ಟಾಪಿಗೆ ಪ್ರಿಂಟರ್ ಜೋಡಿಸಿದ ದಿನ ಎಷ್ಟೋ ಸಲ ವಿಂಡೋಸ್ ಆ ದಿನದ ಐಪಿ ವಿಳಾಸವನ್ನು ‘ಪೋರ್ಟ್’ ಎಂಬ ಹೆಸರಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಪ್ರತಿ ಹಾಳೆಯನ್ನೂ ಆ ವಿಳಾಸಕ್ಕೇ ಕಳಿಸುತ್ತದೆ. ಹದಿನಾಲ್ಕನೇ ಬರ್ತಿನಲ್ಲಿ ಈಗ ಗಿರಾಕಿಯ ಫೋನು ಕುಳಿತಿರಬಹುದು, ಯಾರೂ ಇಲ್ಲದಿರಲೂಬಹುದು. ಎರಡರಲ್ಲಿ ಯಾವುದಾದರೂ ಪ್ರಿಂಟರಿನಂತೆ ಉತ್ತರ ಬರುವುದಿಲ್ಲ. ಅದಕ್ಕೇ ಲ್ಯಾಪ್‌ಟಾಪ್ ‘ಆಫ್‌ಲೈನ್’ ಎಂದು ಬರೆಯುತ್ತದೆ. ‘ನಾನು ಹೋದ ಜಾಗದಲ್ಲಿ ಅವರು ಸಿಗಲಿಲ್ಲ’ ಎಂಬುದಷ್ಟೇ ಆ ಮಾತಿನ ಅರ್ಥ. ಪ್ರಿಂಟರ್ ಬೋಗಿಯಲ್ಲಿ ಇಲ್ಲ ಎಂದಲ್ಲ.

ಹಾಗಾದರೆ ಲ್ಯಾಪ್‌ಟಾಪೂ ಕೂಗಿ ಕೇಳಬಾರದೇ? ಕೇಳಬಹುದು. ವಿಂಡೋಸಿನಲ್ಲಿ ‘ಡಬ್ಲ್ಯುಎಸ್‌ಡಿ’ ಎಂದು ಶುರುವಾಗುವ ಪೋರ್ಟ್ ಇದ್ದರೆ ಅದು ಹೀಗೆ ಹುಡುಕುವ ಬಗೆಯದೇ. ಆದರೆ ಕೂಗು ಒಂದು ಬೋಗಿಯ ಆಚೆಗೆ ಕೇಳಿಸುವುದಿಲ್ಲ. ಜೊತೆಗೆ ವಿಂಡೋಸ್ ಈ ವೈಫೈಯನ್ನು ‘ಪಬ್ಲಿಕ್’ ಎಂದು ಗುರುತಿಸಿಕೊಂಡಿದ್ದರೆ ಅಪರಿಚಿತರ ನಡುವೆ ಕುಳಿತವರಂತೆ ಸುಮ್ಮನಿರುತ್ತದೆ. ಹೊರಗಿನ ಯಾರಿಗೂ ಓಗೊಡುವುದಿಲ್ಲ. ಮನೆಯ ಜಾಲವನ್ನು ‘ಪ್ರೈವೇಟ್’ ಎಂದು ಬದಲಿಸಿದರೆ ಈ ತಡೆ ಸಡಿಲವಾಗುತ್ತದೆ. ಅಂಗಡಿಯಲ್ಲಿ ಹಾಗೆ ಮಾಡುವ ಮುನ್ನ ಗಿರಾಕಿಗಳಿಗೆ ‘ಗೆಸ್ಟ್’ ವೈಫೈ ತೆರೆದು ಅವರನ್ನು ಬೇರೆ ಕೂರಿಸುವುದು ಒಳ್ಳೆಯದು. ನೂರಾರು ಜನರ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳಿರುವ ಲ್ಯಾಪ್‌ಟಾಪು ಬಂದುಹೋಗುವವರ ಫೋನುಗಳ ಜೊತೆ ಒಂದೇ ಬೋಗಿಯಲ್ಲಿ ಬಾಗಿಲು ತೆರೆದು ಕೂರುವುದು ಸರಿಯಲ್ಲ.

ನೆಟ್ ಇಲ್ಲದೆಯೂ ಪ್ರಿಂಟು

ವೈಫೈ ಬೇರೆ, ಇಂಟರ್ನೆಟ್ ಬೇರೆ. ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ ಆಗುವ ಗೊಂದಲಕ್ಕೆ ಲೆಕ್ಕವಿಲ್ಲ. ಸೇಡಂನಿಂದ ಕಲಬುರಗಿ, ಸೊಲ್ಲಾಪುರ ಕಡೆಗೆ ಹೋಗುವ ರೈಲು ವಾಡಿ ಜಂಕ್ಷನ್ ದಾಟಲೇಬೇಕು. ಆದರೆ ಒಂದೇ ಬೋಗಿಯ ಇಬ್ಬರು ಮಾತಾಡಿಕೊಳ್ಳಲು ವಾಡಿಯವರೆಗೆ ಹೋಗಬೇಕೇ? ರೂಟರಿನ ಪುಟದಲ್ಲಿ ‘ಗೇಟ್‌ವೇ’ ಎಂದು ಬರೆದಿರುವುದು ಆ ವಾಡಿ. ಹೊರಜಗತ್ತಿಗೆ ಹೋಗುವುದೆಲ್ಲ ಅದರ ಮೂಲಕ. ಲ್ಯಾಪ್‌ಟಾಪಿನಿಂದ ಪ್ರಿಂಟರಿಗೆ ಹೋಗುವ ಹಾಳೆ ಅಲ್ಲಿಯವರೆಗೆ ಹೋಗುವುದೇ ಇಲ್ಲ.

ರಸ್ತೆ ಅಗೆಯುವಾಗ ಫೈಬರ್ ಕತ್ತರಿಸಿ ನೆಟ್ ಹೋದರೂ ಈಗಾಗಲೇ ಇಳಿಸಿಕೊಂಡ ಪಹಣಿಯ ಪಿಡಿಎಫ್ ಅನ್ನು ಮುದ್ರಿಸಬಹುದು. ಹೊಸ ಪಹಣಿ ಇಳಿಸಲು ಮಾತ್ರ ನೆಟ್ ಬೇಕು. ಕೆಲವು ಪ್ರಿಂಟರುಗಳ ಆ್ಯಪ್‌ಗಳು ಲಾಗಿನ್ ಕೇಳುತ್ತವೆ, ಅವಕ್ಕೂ ನೆಟ್ ಬೇಕು. ಅಂಥ ಹೊತ್ತಿನಲ್ಲಿ ಆ್ಯಪ್ ಬಿಟ್ಟು ಲ್ಯಾಪ್‌ಟಾಪಿನಿಂದಲೋ ಫೋನಿನ ಮಾಮೂಲಿ ಪ್ರಿಂಟ್ ಆಯ್ಕೆಯಿಂದಲೋ ಕೊಟ್ಟರೆ ಸಾಮಾನ್ಯವಾಗಿ ಕೆಲಸವಾಗುತ್ತದೆ.

ಒಂದೇ ಅಂಗಡಿಯಲ್ಲಿ ಎರಡು ಬೋಗಿ

ಸಂಖ್ಯೆ ಸರಿಯಿದ್ದೂ ಸಂಪರ್ಕ ಸಿಗದ ಸಂದರ್ಭ ಒಂದಿದೆ. ಅದು ನಮ್ಮ ಕಡೆ ತೀರ ಸಾಮಾನ್ಯ. ಕಂಪನಿಯವರು ಹಾಕಿದ ಪೆಟ್ಟಿಗೆಯ ವೈಫೈ ಹಿಂದಿನ ಕೋಣೆಗೆ ಬರುವುದಿಲ್ಲವೆಂದು ಇನ್ನೊಂದು ರೂಟರ್ ತಂದು ಅದಕ್ಕೆ ಜೋಡಿಸುತ್ತಾರೆ. ಈಗ ಅಂಗಡಿಯಲ್ಲಿ ಟಿಸಿಗಳು ಇಬ್ಬರು, ಪಟ್ಟಿಗಳೂ ಎರಡು. ಮೊದಲನೆಯದರ ಬೋಗಿ 192.168.1, ಎರಡನೆಯದರದ್ದು 192.168.0. ಪ್ರಿಂಟರ್ ಒಂದರಲ್ಲಿ, ಲ್ಯಾಪ್‌ಟಾಪ್ ಇನ್ನೊಂದರಲ್ಲಿ ಕುಳಿತರೆ ಕೂಗು ಕೇಳಿಸುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಎರಡನೇ ರೂಟರಿನ ಬಾಗಿಲು ಒಳಗಿನಿಂದ ಹೊರಗೆ ಮಾತ್ರ ತೆರೆದುಕೊಳ್ಳುತ್ತದೆ. ಲ್ಯಾಪ್‌ಟಾಪ್ ಎರಡನೇ ರೂಟರಿನಲ್ಲಿದ್ದು ಪ್ರಿಂಟರ್ ಮೊದಲನೆಯದರಲ್ಲಿದ್ದರೆ, ಸಂಖ್ಯೆ ಗೊತ್ತಿರುವ ಲ್ಯಾಪ್‌ಟಾಪ್ ಹೊರಗೆ ಹೋಗಿ ಹಾಳೆ ಕೊಟ್ಟುಬರಬಲ್ಲದು. ಆದರೆ ಪ್ರಿಂಟರಿನ ಗುಂಡಿ ಒತ್ತಿ ಸ್ಕ್ಯಾನ್ ಕಳಿಸಿದರೆ ಅದು ಒಳಗೆ ಬರಲಾರದು. ಪ್ರಿಂಟ್ ಬರುತ್ತದೆ, ಸ್ಕ್ಯಾನ್ ಮಾತ್ರ ಆಗುವುದಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಪ್ರಿಂಟರನ್ನೇ ಎರಡನೇ ರೂಟರಿಗೆ ಸೇರಿಸಿ ಲ್ಯಾಪ್‌ಟಾಪನ್ನು ಮೊದಲನೆಯದರಲ್ಲಿ ಬಿಟ್ಟರೆ ಪ್ರಿಂಟೂ ಹೋಗುವುದಿಲ್ಲ.

ಪತ್ತೆ ಮಾಡುವುದು ಕಷ್ಟವಲ್ಲ. ಪ್ರಿಂಟರಿನಿಂದಲೇ ಅದರ ಜಾಲದ ವಿವರಗಳ ಪುಟವನ್ನು ಮುದ್ರಿಸಬಹುದು. ಪರದೆ ಇರುವ ಪ್ರಿಂಟರಿನಲ್ಲಿ ಅದು ಮೆನುವಿನಲ್ಲಿರುತ್ತದೆ, ಇಲ್ಲದ್ದರಲ್ಲಿ ಒಂದೆರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಲ್ಯಾಪ್‌ಟಾಪಿನ ವೈಫೈ ‘ಪ್ರಾಪರ್ಟೀಸ್’ ಪುಟದಲ್ಲಿ ಅದರ ವಿಳಾಸ ಸಿಗುತ್ತದೆ. ಎರಡರ ಮೊದಲ ಮೂರು ಅಂಕಿಗಳನ್ನು ಹೋಲಿಸಿ. ಬೇರೆಯಾಗಿದ್ದರೆ ಎರಡನ್ನೂ ಒಂದೇ ವೈಫೈಗೆ ತನ್ನಿ. ಶಾಶ್ವತ ಪರಿಹಾರ ಬೇಕೆಂದರೆ ಎರಡನೇ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ರೀತಿಗೆ ಬದಲಿಸಬೇಕು. ಆಗ ಅದು ಬರ್ತು ಹಂಚುವ ಕೆಲಸ ಬಿಟ್ಟು, ಮೊದಲನೇ ಬೋಗಿಯನ್ನೇ ಉದ್ದ ಮಾಡುತ್ತದೆ.

ಪ್ರಿಂಟರಿನ ಪುಟದಲ್ಲಿ 169.254 ಎಂದು ಶುರುವಾಗುವ ವಿಳಾಸ ಕಂಡರೆ ಹೋಲಿಸುವುದೇ ಬೇಡ. ಟಿಸಿ ಸಿಗದೆ ಪ್ರಿಂಟರ್ ತಾನೇ ಒಂದು ಸಂಖ್ಯೆ ಇಟ್ಟುಕೊಂಡಿದೆ ಎಂದರ್ಥ. ವೈಫೈ ಪಾಸ್‌ವರ್ಡ್, ಸಿಗ್ನಲ್, ಕೇಬಲ್ ಇವುಗಳನ್ನು ಮೊದಲು ನೋಡಿ. ಹೊಸ ರೂಟರನ್ನು ಡಬ್ಲ್ಯುಪಿಎ3 ಭದ್ರತೆಗೆ ಮಾತ್ರ ಹೊಂದಿಸಿದ್ದರೆ ಹಳೆಯ ಪ್ರಿಂಟರುಗಳು ಸೇರಲಾರವು. ಡಬ್ಲ್ಯುಪಿಎ2 ಕೂಡ ಒಪ್ಪುವಂತೆ ಮಾಡಬೇಕಾಗುತ್ತದೆ.

ಕಲ್ಲಿನ ಗೋಡೆ ಮತ್ತು ಎರಡು ಅಲೆಗಳು

ಈಗಿನ ಬಹಳಷ್ಟು ರೂಟರುಗಳಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೊ ಅಲೆಗಳಿರುತ್ತವೆ. ಮೊದಲನೆಯದರ ಅಲೆಯುದ್ದ ಸುಮಾರು 12 ಸೆಂಟಿಮೀಟರ್, ಎರಡನೆಯದರದ್ದು ಅದರ ಅರ್ಧದಷ್ಟು. ಶಹಾಬಾದ್ ಕಲ್ಲಿನ ದಪ್ಪ ಗೋಡೆಗಳನ್ನು ದಾಟುವಾಗ 5ರ ಅಲೆ ಬೇಗ ಸೊರಗುತ್ತದೆ. 2.4ರದ್ದು ನಿಧಾನವಾದರೂ ಇನ್ನಷ್ಟು ದೂರ ಮುಟ್ಟುತ್ತದೆ. ತಗಡಿನ ಮಾಡು, ಕಬ್ಬಿಣದ ಕಪಾಟು ಎರಡನ್ನೂ ತಡೆಯುತ್ತವೆ. ಮನೆಬಳಕೆಯ ಬಹಳಷ್ಟು ಪ್ರಿಂಟರುಗಳಿಗೆ 2.4 ಮಾತ್ರ ಗೊತ್ತು. ಹಾಗಾಗಿ ಮೊದಲ ಸಲ ಜೋಡಿಸುವಾಗ ಪಟ್ಟಿಯಲ್ಲಿ ‘5ಜಿ’ ಎಂದು ಕೊನೆಯಾಗುವ ವೈಫೈ ಹೆಸರು ಅವಕ್ಕೆ ಕಾಣುವುದೇ ಇಲ್ಲ. ಆಮೇಲೆ ಲ್ಯಾಪ್‌ಟಾಪ್ 5ರಲ್ಲಿ, ಪ್ರಿಂಟರ್ 2.4ರಲ್ಲಿ ಇದ್ದರೂ ತೊಂದರೆಯಿಲ್ಲ. ಒಂದೇ ರೂಟರಿನ ಎರಡು ಅಲೆಗಳು ಸಾಮಾನ್ಯವಾಗಿ ಒಂದೇ ಬೋಗಿಯ ಎರಡು ಬಾಗಿಲುಗಳು.

ಬರ್ತು ಕಾಯ್ದಿರಿಸುವುದು

ಪ್ರಿಂಟರಿನ ಬರ್ತು ಬದಲಾಗದಂತೆ ಮಾಡಲು ಎರಡು ದಾರಿಗಳಿವೆ. ಪ್ರಿಂಟರಿನಲ್ಲೇ ಒಂದು ಸಂಖ್ಯೆಯನ್ನು ಕೈಯಾರೆ ಬರೆಯಬಹುದು. ಇದನ್ನು ಸ್ಟ್ಯಾಟಿಕ್ ಐಪಿ ಎನ್ನುತ್ತಾರೆ. ಆದರೆ ರೂಟರಿಗೆ ಈ ಸುದ್ದಿ ಗೊತ್ತಿರುವುದಿಲ್ಲ. ಅದು ಅದೇ ಬರ್ತನ್ನು ಇನ್ನೊಬ್ಬರಿಗೆ ಕೊಟ್ಟರೆ ಇಬ್ಬರಿಗೂ ಜಾಗವಿಲ್ಲ. ನನಗೆ ಹೆಚ್ಚು ಸರಿಯೆನಿಸುವುದು ರೂಟರಿನ ಪಟ್ಟಿಯಲ್ಲೇ ಪ್ರಿಂಟರಿನ ಹೆಸರಿಗೆ ಬರ್ತು ಬರೆಸುವುದು.

ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಬರೆದರೆ ಸಾಮಾನ್ಯವಾಗಿ ರೂಟರಿನ ಪುಟ ತೆರೆಯುತ್ತದೆ. ಪಾಸ್‌ವರ್ಡ್ ಹೆಚ್ಚಾಗಿ ರೂಟರಿನ ತಳದ ಚೀಟಿಯಲ್ಲಿರುತ್ತದೆ. ಅಲ್ಲಿ ಡಿಎಚ್‌ಸಿಪಿ ವಿಭಾಗದಲ್ಲಿ ‘ಅಡ್ರೆಸ್ ರಿಸರ್ವೇಶನ್’, ‘ಸ್ಟ್ಯಾಟಿಕ್ ಲೀಸ್’ ಅಥವಾ ‘ಐಪಿ ಮ್ಯಾಕ್ ಬೈಂಡಿಂಗ್’ ಎಂಬ ಸಾಲು ಹುಡುಕಿ. ಪ್ರಿಂಟರಿನ ಮ್ಯಾಕ್ ವಿಳಾಸದ ಎದುರು 192.168.1.50ರಂಥ ಒಂದು ಸಂಖ್ಯೆ ಬರೆದು ಉಳಿಸಿ, ಪ್ರಿಂಟರನ್ನು ಆರಿಸಿ ಹಚ್ಚಿ. ಲ್ಯಾಪ್‌ಟಾಪಿನಲ್ಲಿ ಹಳೆಯ ಪ್ರಿಂಟರ್ ಹೆಸರನ್ನು ಅಳಿಸಿ, ಈ ಹೊಸ ಸಂಖ್ಯೆಯಿಂದಲೇ ಮತ್ತೆ ಸೇರಿಸಿ. ಅಲ್ಲಿಂದ ಮುಂದೆ ಕರೆಂಟು ಎಷ್ಟು ಸಲ ಹೋಗಿ ಬಂದರೂ, ಎಷ್ಟು ಗಿರಾಕಿಗಳು ವೈಫೈಗೆ ಸೇರಿದರೂ 50ನೇ ಬರ್ತು ಪ್ರಿಂಟರಿನದೇ. ಕೆಲವು ಕಂಪನಿಗಳ ಪೆಟ್ಟಿಗೆಗಳಲ್ಲಿ ಈ ಪುಟಕ್ಕೆ ಬೀಗ ಹಾಕಿರುತ್ತಾರೆ. ಆಗ ಮೊದಲ ದಾರಿಯೇ ಗತಿ. ರೂಟರ್ ಹಂಚುವ ಸಾಲಿನ ಆಚೆಗಿನ ಸಂಖ್ಯೆಯೊಂದನ್ನು ಆರಿಸಿ ಪ್ರಿಂಟರಿನಲ್ಲೇ ಬರೆಯಬೇಕು.

ಇದೇ ರೀತಿ ಫೋನಿಗೂ ಬರ್ತು ಕಾಯ್ದಿರಿಸಲು ಹೊರಟವರು ಒಂದು ಮಾತು ತಿಳಿದಿರಲಿ. ಆಂಡ್ರಾಯ್ಡ್ 10, ಐಒಎಸ್ 14 ಬಂದಾಗಿನಿಂದ ಫೋನುಗಳು ತಮ್ಮನ್ನು ಯಾರೂ ಹಿಂಬಾಲಿಸದಿರಲೆಂದು ಒಂದೊಂದು ವೈಫೈಗೆ ಒಂದೊಂದು ತೋರಿಕೆಯ ಮ್ಯಾಕ್ ವಿಳಾಸ ಹೇಳುತ್ತವೆ. ಫೋನಿನ ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಯನ್ನು ನಂಬಿದರೆ ಅಲ್ಲಿ ಕೆಲಸವಾಗುವುದಿಲ್ಲ.

ಇಂಟರ್ನೆಟ್ ಕಂಪನಿ ಬದಲಿಸಿದ ದಿನ ಹಳೆಯ ಪೆಟ್ಟಿಗೆಯ ಜೊತೆ ಅದರ ಪಟ್ಟಿಯೂ ಹೋಗುತ್ತದೆ. ಹೊಸ ರೂಟರಿನ ಬೋಗಿ ಸಂಖ್ಯೆಯೇ ಬೇರೆಯಿರಬಹುದು. ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಹಳೆಯದರಂತೆಯೇ ಇಟ್ಟರೆ ಪ್ರಿಂಟರ್ ತಾನಾಗಿ ಬಂದು ಸೇರುತ್ತದೆ. ಆಮೇಲೆ ಹೊಸ ಪಟ್ಟಿಯಲ್ಲಿ ಅದಕ್ಕೊಂದು ಬರ್ತು ಬರೆಸಿ, ಲ್ಯಾಪ್‌ಟಾಪಿನಲ್ಲಿ ಆ ಸಂಖ್ಯೆಯನ್ನು ಬದಲಿಸಿದರೆ ಆಯಿತು. ಕೈಯಾರೆ ಸಂಖ್ಯೆ ಬರೆದಿದ್ದವರು ಮಾತ್ರ ಮೊದಲು ಅದನ್ನು ತೆಗೆದು, ಪ್ರಿಂಟರನ್ನು ಮತ್ತೆ ತಾನೇ ಬರ್ತು ಕೇಳುವ ‘ಆಟೊ’ ರೀತಿಗೆ ತರಬೇಕು. ಪ್ರಿಂಟರಿನ ಮ್ಯಾಕ್ ವಿಳಾಸ ಮತ್ತು ಕಾಯ್ದಿರಿಸಿದ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಪ್ರಿಂಟರಿನ ಪಕ್ಕಕ್ಕೆ ಅಂಟಿಸಿಟ್ಟರೆ, ಆ ದಿನ ಅಂಗಡಿಯಲ್ಲಿ ಯಾರಿದ್ದರೂ ಈ ಕೆಲಸ ಮಾಡಬಹುದು.